ಫ್ಲೆಕ್ಸಿನೊಳಗೊಂದು ಎಮ್ಮೆ

“ಈ ಎಮ್ಮೆಯ ಇಲ್ಲಿಗ ಹಾಕ್ಸಿದ್ಯಾರ್ಲಾ?”

ಕಳಲೆ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡಪ್ಪ ಮಹಾದೇವಸ್ವಾಮಿ ಕೂಗುತ್ತಿದ್ದರು. ಅವರ ತಲೆಯ ಮೇಲೆ ಹೊಸ ಫ್ಲೆಕ್ಸ್ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಡುವೆ ನಂದಿತಾಳ ಅಕ್ಕ ಶಿವರಂಜನಿಯ ದೊಡ್ಡ ಫೋಟೊ. ಅಕ್ಕನಿಗೆ ಎಂಬಿಬಿಎಸ್ ಸೀಟು ಸಿಕ್ಕಿತ್ತು. ಕಾಲೇಜಿಗೆ ಇನ್ನೂ ಕಾಲಿಟ್ಟಿರಲಿಲ್ಲ, ಫ್ಲೆಕ್ಸಿನಲ್ಲಿ ಮಾತ್ರ ಆಗಲೇ ಕೊರಳಿಗೆ ಸ್ಟೆತಸ್ಕೋಪು ಬಿದ್ದಿತ್ತು.

ಕೆಳಗೆ ‘ಶುಭ ಕೋರುವವರು’ ಎಂದು ಹದಿನೇಳು ಮುಖಗಳ ಸಾಲು. ಹದಿನಾರು ಮನುಷ್ಯರವು, ಒಂದು ಎಮ್ಮೆಯದು.

ಎಮ್ಮೆ ನಂದಿತಾಳ ಮನೆಯದೇ. ಆ ಸಾಲಿನಲ್ಲಿ ಅಕ್ಕನಿಗೆ ದಿನಾ ಹಾಲು ಕೊಟ್ಟಿದ್ದು ಅದೊಂದೇ. ಉಳಿದವರಲ್ಲಿ ಹೆಚ್ಚಿನವರು ಕೊಟ್ಟಿದ್ದು ತಮ್ಮ ಫೋಟೊ ಮಾತ್ರ.

ನಂದಿತಾ ಮುಂದೆ ಬಂದಳು. “ನಾನು ದೊಡ್ಡಪ್ಪ. ನಾನ್ ಹಾಕ್ಸಿದ್ದು ಎಮ್ಮೆನಲ್ಲ. ಅದರ ಪಕ್ಕ ಇರೋ ಬೆಟ್ಟಸ್ವಾಮಿ ಡಾಕ್ಟ್ರನ್ನ.”

ದೊಡ್ಡಪ್ಪನಿಗೆ ವಾಟ್ಸಾಪಿನಲ್ಲಿ ಫೋಟೊ ಕಳಿಸಲು ಬರುವುದಿಲ್ಲ. ನಂಜನಗೂಡಿನ ಫ್ಲೆಕ್ಸ್ ಅಂಗಡಿಯ ಮದನನಿಗೆ ಕಳಿಸು ಎಂದು ಫೋನನ್ನು ನಂದಿತಾಳ ಕೈಗೆ ಕೊಟ್ಟಿದ್ದರು. ಹದಿನೈದು ಫೋಟೊಗಳಿದ್ದವು. ಇರಬೇಕಾದ ಮುಖ ಮಾತ್ರ ಇರಲಿಲ್ಲ. ನಂದಿತಾ ಅಮ್ಮನ ಫೋನಿನಿಂದ ಒಂದು ಫೋಟೊ ತರಿಸಿಕೊಂಡು ತಾನೇ ಸೇರಿಸಿದಳು. ಎಮ್ಮೆಗೆ ಸೂಜಿ ಹಾಕಿದ ದಿನ ತೆಗೆದದ್ದು ಅದು. ಡಾಕ್ಟ್ರು ಎಮ್ಮೆಯ ಕುತ್ತಿಗೆಗೆ ಕೆನ್ನೆ ಒತ್ತಿ ನಿಂತಿದ್ದರು. ಎಮ್ಮೆಯನ್ನು ಕತ್ತರಿಸಿದರೆ ಡಾಕ್ಟ್ರ ಕೆನ್ನೆಯೂ ಹೋಗುತ್ತದೆಂದು ಮದನ ಇಬ್ಬರನ್ನೂ ಉಳಿಸಿದ್ದ.

ಬೆಟ್ಟಸ್ವಾಮಿ ದನದ ಡಾಕ್ಟ್ರು. ಟಿ. ನರಸೀಪುರದಿಂದ ದಿನಾ ಬೈಕಿನಲ್ಲಿ ಬರುತ್ತಾರೆ. ಮೂರು ವರ್ಷದ ಹಿಂದೆ ಎಮ್ಮೆಗೆ ಔಷಧಿ ತರಲು ಹೋದ ಅಕ್ಕ, ಬಾಯಿಗೆ ಹಾಕಿದ ಔಷಧಿ ರಕ್ತಕ್ಕೆ ಹೇಗೆ ಸೇರುತ್ತೆ ಎಂದು ಅವರನ್ನು ಕೇಳಿದ್ದಳು. ಅವತ್ತು ದನದ ಆಸ್ಪತ್ರೆಯ ಜಗಲಿಯಲ್ಲಿ ಶುರುವಾದ ಪಾಠ ನೀಟ್ ಪರೀಕ್ಷೆಯವರೆಗೂ ನಡೆಯಿತು. ಪರೀಕ್ಷೆಯ ದಿನ ಬಸ್ಸು ಕೈಕೊಟ್ಟಾಗ ಬೈಕಿನಲ್ಲಿ ಮೈಸೂರು ಮುಟ್ಟಿಸಿದವರೂ ಅವರೇ.

ಫ್ಲೆಕ್ಸಿನಲ್ಲಿ ಕೋಚಿಂಗ್ ಸೆಂಟರಿನ ಓನರ್ ಇದ್ದರು. ಎಮ್ಮೆಗಿಂತ ದೊಡ್ಡದಾಗಿಯೇ ಇದ್ದರು. ಅಕ್ಕ ಅವರ ಸೆಂಟರಿಗೆ ಹೋಗಿದ್ದು ಬರೀ ಹನ್ನೊಂದು ದಿನ. ಮೆಡಿಕಲ್ ನಿನ್ನ ಕೈಲಾಗಲ್ಲ, ಸುಮ್ನೆ ಡಿಗ್ರಿ ಸೇರ್ಕೊ ಎಂದು ಹೇಳಿ ಕಳಿಸಿದವರು ಅವರು.

ಇದನ್ನೆಲ್ಲ ನಂದಿತಾ ಒಂದೇ ಉಸಿರಿಗೆ ಹೇಳಿದಳು. ದೊಡ್ಡಪ್ಪ ಪೂರ್ತಿ ಕೇಳಲಿಲ್ಲ.

“ಕೂಸೇ, ದನದ ಡಾಕ್ಟ್ರ ಕೈಲಿ ಪಾಠ ಏಳುಸ್ಕಂಡ್ಲು ಅಂದ್ರ ಜನ ಏನಂದಾರು? ನಾಳಕ ಇವ್ಳ ತಾವ್ಕ ಸೂಜಿ ಹಾಕುಸ್ಕಳಕ ಮನುಸ್ರು ಬಂದಾರಾ, ದನ ಬಂದಾವಾ?”

ಸುತ್ತ ನಿಂತವರು ನಕ್ಕರು. ದೊಡ್ಡಪ್ಪ ಬಿಳಿ ಹಾಳೆ ತರಿಸಿ, ಮೈದಾ ಅಂಟು ಬಳಿಸಿ, ಎಮ್ಮೆಯ ಮೇಲೂ ಡಾಕ್ಟ್ರ ಮೇಲೂ ಮೆತ್ತಿಸಿದರು. ಎಮ್ಮೆಯ ಒಂದು ಕೊಂಬು ಮಾತ್ರ ಹಾಳೆಯಿಂದ ಹೊರಗುಳಿಯಿತು. ಪಕ್ಕದಲ್ಲಿದ್ದ ಕೋಚಿಂಗ್ ಓನರ್ ತಲೆಯಲ್ಲೇ ಮೂಡಿದ ಹಾಗೆ ಕಾಣುತ್ತಿತ್ತು.

ನಂದಿತಾ ಮನೆಗೆ ಬಂದಾಗ ಅಕ್ಕ ಭಾನುವಾರದ ಸನ್ಮಾನಕ್ಕೆ ರೇಷ್ಮೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ನಡೆದದ್ದನ್ನು ಕೇಳಿ ಅವಳ ಮುಖ ಸಣ್ಣಗಾಯಿತು.

“ಬುಡು ಪುಟ್ಟಿ, ಗಲಾಟೆ ಬ್ಯಾಡ. ದೊಡ್ಡಪ್ಪ ಬೇಜಾರ್ ಮಾಡ್ಕತ್ತಾರೆ.”

“ಡಾಕ್ಟ್ರು ಬೇಜಾರ್ ಮಾಡ್ಕಂಡ್ರೆ ಪರ್ವಾಗಿಲ್ವಾ?”

ಅಕ್ಕ ಇಸ್ತ್ರಿ ಮಾಡಿದ್ದ ಕಡೆಯೇ ಮತ್ತೆ ಇಸ್ತ್ರಿ ಮಾಡಿದಳು.

ನಂದಿತಾ ಸೈಕಲ್ ಹತ್ತಿ ದನದ ಆಸ್ಪತ್ರೆಗೆ ಹೋದಳು. ಡಾಕ್ಟ್ರಿಗೆ ಸಿಟ್ಟು ಬಂದು, ಬೈಕ್ ಸ್ಟಾರ್ಟ್ ಮಾಡಿ, ದೊಡ್ಡಪ್ಪನನ್ನು ಒಂದು ಕೈ ನೋಡಿಕೊಳ್ಳುತ್ತಾರೆ ಎಂದುಕೊಂಡಿದ್ದಳು. ಆದರೆ ಕೊಂಬಿನ ವಿಷಯ ಕೇಳಿ ಡಾಕ್ಟ್ರು ಜೋರಾಗಿ ನಕ್ಕರು. ತಮ್ಮ ಮುಖದ ಮೇಲೂ ಹಾಳೆ ಅಂಟಿಸಿದ್ದಾರೆ ಎಂದಾಗ ನಗು ನಿಂತಿತು. ಇರ್ಲಿ ಬುಡು ಮಗ ಎಂದು ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದರು. ಆಗಷ್ಟೇ ತೊಳೆದಿದ್ದ ಕೈಗಳು ಅವು. ನಂದಿತಾ ಅದನ್ನು ನೋಡಿದಳು.

ಭಾನುವಾರ ಸಮುದಾಯ ಭವನದ ತುಂಬ ಜನ. ಅಕ್ಕನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕೋಚಿಂಗ್ ಓನರ್ ಅಕ್ಕನನ್ನು ತಮ್ಮ ಸೆಂಟರಿನ ಮಗಳು ಎಂದು ಅರ್ಧ ಗಂಟೆ ಹೊಗಳಿದರು. ಅವರ ಭಾಷಣದಲ್ಲಿ ಹನ್ನೊಂದು ದಿನ ಹಿಗ್ಗಿ ಎರಡು ವರ್ಷವಾಗಿತ್ತು.

ಆಮೇಲೆ ದೊಡ್ಡಪ್ಪ ಅಕ್ಕನ ಕೈಗೆ ಒಂದು ಚೀಟಿ ಕೊಟ್ಟರು. ಅಕ್ಕ ಮೈಕಿನ ಮುಂದೆ ನಿಂತು ಥ್ಯಾಂಕ್ಸ್ ಹೇಳುತ್ತ ಒಂದೊಂದೇ ಹೆಸರು ಓದಿದಳು. ಹದಿನೈದನೆಯ ಹೆಸರಾದ ಮೇಲೆ ತಲೆ ಎತ್ತಿದಳು. ಮೈಕು ಕುಂಯ್ ಎಂದಿತು. ಈಗ ಹೇಳ್ತಾಳೆ ಎಂದು ನಂದಿತಾ ಕುರ್ಚಿಯ ತುದಿಗೆ ಬಂದಳು.

ಅಕ್ಕ ಚೀಟಿ ಮಡಿಚಿ, ನಮಸ್ಕಾರ ಹೇಳಿ, ಕುಳಿತುಬಿಟ್ಟಳು.

ಜನ ಚಪ್ಪಾಳೆ ತಟ್ಟುವಾಗ ನಂದಿತಾ ಎದ್ದು ಹೊರಗೆ ಓಡಿದಳು. ಇನ್ನು ಮುಂದೆ ಅವಳನ್ನು ಅಕ್ಕ ಎಂದು ಕರೆಯುವುದೇ ಇಲ್ಲ. ಬಾಯಲ್ಲಿ ಬೈಗುಳಗಳು ಒಂದರ ಮೇಲೊಂದು ಏರಿ ಕೂತಿದ್ದವು.

ದನದ ಆಸ್ಪತ್ರೆಯ ಅಂಗಳದ ಮರದಡಿ ರಾಮಮ್ಮ ಎಂಬ ಅಜ್ಜಿಯ ಆಡು ನೆಲದ ಮೇಲೆ ಮಲಗಿತ್ತು. ಅದರ ಮುಂಗಾಲು ಮುರಿದಿತ್ತು. ಡಾಕ್ಟ್ರು ಕಾಲಿಗೆ ಬಿದಿರು ದಬ್ಬೆ ಇಟ್ಟು ಬಟ್ಟೆ ಸುತ್ತುತ್ತಿದ್ದರು. ಭವನದ ಮೈಕು ಇಲ್ಲಿಗೂ ಚೆನ್ನಾಗಿ ಕೇಳಿಸುತ್ತಿತ್ತು. ಹಾಗಾದರೆ ಅಕ್ಕ ಓದಿದ ಹೆಸರುಗಳೆಲ್ಲ ಇವರಿಗೂ ಕೇಳಿಸಿವೆ.

ಡಾಕ್ಟ್ರು “ತಲೆ ಇಡ್ಕ ಮಗ” ಎಂದರು. ನಂದಿತಾ ಕುಳಿತು ಆಡಿನ ತಲೆ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿಗೆ ಗೇಟು ಕಿರ್ ಎಂದಿತು. ಅಕ್ಕ ನಿಂತಿದ್ದಳು. ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಸೀರೆಯ ಅಂಚಿಗೆಲ್ಲ ಮಣ್ಣು.

“ಸಾ, ನಿಮ್ಮೆಸ್ರು ಬಾಯ್ಗಂಟ ಬಂತು. ಎಲ್ರೂ ನಗ್ತಾರೆ ಅಂತ ಭಯ ಆಗೋಯ್ತು.”

ಡಾಕ್ಟ್ರು ಬಟ್ಟೆ ಸುತ್ತುತ್ತಲೇ ಇದ್ದರು. “ನಂಗೂ ಬೇಜಾರಾಯ್ತು ಕಣವ್ವ” ಎಂದರು. “ಸುಳ್ ಯಾಕ್ ಏಳ್ಲಿ.”

ಅಕ್ಕನ ಕಣ್ಣು ತುಂಬಿತು. ಅಷ್ಟರಲ್ಲಿ ಆಡು ಒದ್ದಾಡಿತು.

“ಅಳೋದ್ ಆಮೇಲೆ. ನಾಡಿ ನೋಡು.”

ಅಕ್ಕ ಬಿಸಿಲಲ್ಲೇ ನೆಲದ ಮೇಲೆ ಕುಳಿತು, ಆಡಿನ ಹಿಂಗಾಲಿನ ತೊಡೆಯ ಒಳಗೆ ಬೆರಳಿಟ್ಟಳು. ನಾಡಿ ಸಿಗಲಿಲ್ಲ. ಡಾಕ್ಟ್ರು ಅವಳ ಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿದರು. ಅಕ್ಕ ಕೈಗಡಿಯಾರ ನೋಡುತ್ತ ತುಟಿಯಲ್ಲೇ ಎಣಿಸಿದಳು.

“ತೊಂಬತ್ತಾರು ಸಾ.”

“ಇನ್ನೊಂದ್ಸಲ.”

ಅಕ್ಕ ಮತ್ತೆ ಎಣಿಸಿದಳು. ಈ ಸಲ ಅವಸರ ಮಾಡಲಿಲ್ಲ. “ಎಂಬತ್ತೆಂಟು.”

“ಆಂ, ಈಗ್ ಸರಿ.”

ರಾಮಮ್ಮ ರೇಷ್ಮೆ ಸೀರೆಯನ್ನೂ ಆಡನ್ನೂ ಒಮ್ಮೆ ನೋಡಿ, ಈ ಕೂಸು ಯಾರು ಡಾಕ್ಟ್ರೇ ಎಂದು ಕೇಳಿದಳು. ಡಾಕ್ಟ್ರು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

“ಇವ್ರ ಸ್ಟೂಡೆಂಟು ಕಣಜ್ಜಿ. ನಂಗೆ ಡಾಕ್ಟ್ರು ಓದು ಕಲ್ಸಿದ್ದು ಇವ್ರೇ, ಇಲ್ಲೇ.”

ಅಲ್ಲಿ ಮೈಕಿರಲಿಲ್ಲ. ಕೇಳಿಸಿಕೊಂಡವರು ಆಡೂ ಸೇರಿ ನಾಲ್ಕೇ ಜನ. ಡಾಕ್ಟ್ರು ತಲೆ ತಗ್ಗಿಸಿ, ಆಗಲೇ ಬಿಗಿಯಾಗಿದ್ದ ಗಂಟನ್ನು ಮತ್ತೊಮ್ಮೆ ಬಿಗಿ ಮಾಡಿದರು.

ನಂದಿತಾಳ ಕೋಪ ಪೂರ್ತಿ ಇಳಿದಿರಲಿಲ್ಲ. ಬೈಗುಳಗಳು ಬಾಯಲ್ಲೇ ಇದ್ದವು. ಅವಳು ಆಡಿನ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಸ್ವಲ್ಪ ಪಕ್ಕಕ್ಕೆ ಸರಿದಳು.

“ಇಲ್ಲಿ ಬಾ ಅಕ್ಕ” ಎಂದಳು. “ನೆರಳಿದೆ.”