ಕಿರುಚದ ಮೂರನೇ ಗೇರು

ಬಾನೆಟ್ ಬಿಸಿಯಾಗಿತ್ತು.

ಅಕ್ಕ ಅದರ ಮೇಲೆ ಅಂಗೈ ಇಟ್ಟು ನೋಡಿದಳು. ಶೆಡ್ಡಿನ ಬೀಗ ಒಡೆದಿರಲಿಲ್ಲ. ಅದರದ್ದೂ ಕಾರಿನದ್ದೂ ಕೀಲಿ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಕಾರಿನ ಯಜಮಾನ ಮಾತ್ರ ಹೋದ ವರ್ಷವೇ ಸಮುದ್ರದಲ್ಲಿ ಕಾಣೆಯಾಗಿದ್ದ.

ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಅವನ ಕೆಲಸ. ಸರಿ ಮಾಡಿದ ದೋಣಿಯನ್ನು ಪರೀಕ್ಷೆಗೆಂದು ನೀರಿಗಿಳಿಸಿಕೊಂಡು ಹೋದ. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ.

“ಪ್ರತಿ ಶನಿವಾರ ಹೀಗೇ ಮೇಡಂ,” ಎಂದಳು ಅವನ ಹೆಂಡತಿ. ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. “ನಾನು ಬರೋ ಹೊತ್ತಿಗೆ ಗಾಡಿ ಬಿಸಿ ಇರುತ್ತೆ. ಅವರು ಬದುಕಿದ್ದಾರೆ. ಒಳಗೆ ಬರೋಕೆ ಏನೋ ಅಡ್ಡಿ ಇದೆ, ಅಷ್ಟೇ. ಹುಡುಕಿಕೊಡಿ.”

ಬಾಗಿಲ ಹಿಂದೆ ಗಂಡಸಿನ ಅಂಗಿಯೊಂದು ಇಸ್ತ್ರಿಯಾಗಿ ತೂಗುತ್ತಿತ್ತು. ಬಾನೆಟ್ ಬಿಸಿಯಿದ್ದ ಸಂಜೆಗಳಲ್ಲಿ ಅದನ್ನು ಇಸ್ತ್ರಿ ಮಾಡಿ ಕಾಯುತ್ತಾಳಂತೆ. ಊಟ, ನಿದ್ದೆ ಎಲ್ಲ ಅಷ್ಟಕ್ಕಷ್ಟೆ. ಹೀಗೇ ಬಿಟ್ಟರೆ ಅತ್ತಿಗೆಗೆ ಹುಚ್ಚು ಹಿಡಿಯುತ್ತದೆಂದು ಹೆದರಿ ಮೈದುನನೇ ನಮ್ಮನ್ನು ಕರೆಸಿದ್ದ.

ಅಕ್ಕ ಪೊಲೀಸ್ ಇಲಾಖೆಯಿಂದ ನಿವೃತ್ತಳಾದ ಇನ್ಸ್‌ಪೆಕ್ಟರ್. ಕಳ್ಳರನ್ನು ಬೆನ್ನಟ್ಟಿ ಹಿಡಿದವಳಿಗೆ ಸೈಕಲ್ ಕೂಡ ಬರುವುದಿಲ್ಲ. ನಾನು ವಾರಪತ್ರಿಕೆಗೆ ಕಾರುಗಳನ್ನು ಓಡಿಸಿ ನೋಡಿ ಬರೆಯುವವನು, ಹಾಗಾಗಿ ಅವಳಿಗೆ ಬಿಟ್ಟಿ ಡ್ರೈವರ್. ದೆವ್ವವನ್ನು ನಾನು ನಂಬುವವನಲ್ಲ. ಆದರೂ ಆ ಶೆಡ್ಡಿನೊಳಗೆ ನಿಂತಾಗ ಯಾರೋ ಈಗಷ್ಟೇ ಎದ್ದು ಹೋದಂತೆ ಅನ್ನಿಸಿ ಬೆನ್ನು ತಣ್ಣಗಾಯಿತು.

ಅಕ್ಕ ಒಬ್ಬೊಬ್ಬರನ್ನೇ ವಿಚಾರಿಸಿದಳು. ಮೈದುನನ ಹತ್ತಿರ ಇನ್ನೊಂದು ಕೀಲಿ ಇತ್ತು. ಅವನು ಬಾಗಿಲು ತುಂಬುವಂಥ ಆಳು. ಕಾರನ್ನು ಗುಜರಿಗೆ ಹಾಕಿ ಅಂತ ಹೇಳಿ ಹೇಳಿ ಸಾಕಾಗಿದೆ ಎಂದ. ಕಾಣೆಯಾದವನ ಜೊತೆ ಸೇರಿ ಈ ಕಾರನ್ನು ಬಿಚ್ಚಿ ಕಟ್ಟಿದ್ದ ಗೆಳೆಯ, ಎಲ್ಲರೂ ಗ್ರೀಸಣ್ಣ ಅನ್ನುವವನು, ಅವನಿಗಿಂತಲೂ ದಪ್ಪ.

“ಎದುರುಮನೆ ಟೈಲರ್ ಗಾಡಿ ಹೋಗಿದ್ದು ಕೇಳಿದ್ದಾನೆ. ಕರಿ ಗಾಜು, ಒಳಗಿದ್ದೋರು ಕಾಣ್ಲಿಲ್ವಂತೆ,” ಎಂದ ಗ್ರೀಸಣ್ಣ. ದನಿ ತಗ್ಗಿಸಿದ. “ಆದ್ರೆ ಮೂರನೇ ಗೇರು ಕಿರುಚಲಿಲ್ವಂತೆ ಮೇಡಂ. ಆ ಗೇರು ಸದ್ದಿಲ್ದೆ ಹಾಕೋಕೆ ಬರ್ತಿದ್ದಿದ್ದು ಅವನೊಬ್ಬನಿಗೇ. ನಂಗೂ ಆಗಲ್ಲ.”

ಅತ್ತೆ, ಅಂದರೆ ಕಾಣೆಯಾದವನ ತಾಯಿ, ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಕಡ್ಡಿಯಂಥ ಹೆಂಗಸು, ಮಂಡಿನೋವು. ಒಂದು ಕಾಲದಲ್ಲಿ ಬೇಕರಿಯಲ್ಲಿ ದುಡಿದವರು. ಮಧ್ಯಾಹ್ನ ಮಲಗಿದ್ದೆ, ಏನೂ ಕೇಳಿಸಲಿಲ್ಲ ಎಂದರು.

“ಗಾಡಿ ತೆಗಿಯೋ,” ಎಂದಳು ಅಕ್ಕ. “ಅತ್ತೆ, ಸೊಸೆ ಇಬ್ಬರೂ ಬರಲಿ.”

ಹೊರಗಿನಿಂದ ಅದು ಅಪ್ಪಟ ಸಂಸಾರಸ್ಥ ಎಸ್ಟೇಟ್ ಕಾರು. ಉದ್ದ ಬೆನ್ನು, ಮಂಕು ಬಣ್ಣ, ಹಿಂದುಗಡೆ ಮನೆಸಾಮಾನು ತುಂಬುವಷ್ಟು ಜಾಗ. ಆದರೆ ಕೀಲಿ ತಿರುಗಿಸಿದೆನೋ ಇಲ್ಲವೋ, ಅಡುಗೆಮನೆಯ ಪಾತ್ರೆಗಳು ಗಲಗಲ ಅಂದವು. ಒಳಗೆ ಕೂತಿದ್ದದ್ದು ಬೇರೆ ಯಾವುದೋ ದೊಡ್ಡ ಕಾರಿನ ಎಂಜಿನ್.

ಸೀಟು ಬಹಳ ಹಿಂದಿತ್ತು, ಪೆಡಲ್ ಎಟುಕಲು ಮುಂದೆ ಎಳೆದುಕೊಂಡೆ. ರೇಸ್ ಕಾರಿನಲ್ಲಿರುವಂಥ, ಎರಡೂ ಭುಜದ ಮೇಲಿಂದ ಇಳಿಯುವ ಬೆಲ್ಟು. ಅದು ನನ್ನ ಹೊಟ್ಟೆ ದಾಟಲು ಸುತರಾಂ ಒಪ್ಪಲಿಲ್ಲ. ಪಟ್ಟಿಗಳನ್ನು ಪೂರ್ತಿ ಸಡಿಲಿಸಬೇಕಾಯಿತು.

“ತಿನ್ನೋದು ಕಮ್ಮಿ ಮಾಡು ಅಂದ್ರೆ ಕೇಳಲ್ಲ,” ಎಂದಳು ಹಿಂದಿನ ಸೀಟಿನಿಂದ ಅಕ್ಕ. ನನಗೆ ಮೈ ಉರಿಯಿತು.

ಬೀದಿ ದಾಟಿದ ಮೇಲೆ ಉರಿ ಮರೆತೇಹೋಯಿತು. ಎಂಥ ಗಾಡಿ! ಎರಡನೇ ಗೇರಿನಲ್ಲಿ ಕಾಲೂರಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ತಗ್ಗಿಸಿ ಬಿಗಿಮಾಡಿದ ಸ್ಪ್ರಿಂಗುಗಳಿಂದ ರಸ್ತೆಯ ಪ್ರತಿ ಕಲ್ಲೂ ಸೊಂಟಕ್ಕೆ ವರದಿ ಒಪ್ಪಿಸುತ್ತಿತ್ತು. ಅಷ್ಟುದ್ದ ಬೆನ್ನಿದ್ದರೂ ತಿರುವಿನಲ್ಲಿ ಒಂದಿಷ್ಟೂ ಓಲಾಡಲಿಲ್ಲ. ಸ್ಟೀರಿಂಗಿನ ತೊಗಲು ಒಂದೇ ಕಡೆ ಸವೆದು, ಇನ್ನೊಬ್ಬರ ಹೆಬ್ಬೆರಳಿನ ಜಾಗದಲ್ಲಿ ನನ್ನ ಹೆಬ್ಬೆರಳು ಕೂತಿತ್ತು. ಕಾರು ನನ್ನನ್ನು ಸಹಿಸಿಕೊಳ್ಳುತ್ತಿದೆ, ಅಷ್ಟೇ ಅನ್ನಿಸಿತು.

ಮೂರನೇ ಗೇರಿಗೆ ಹಾಕಿದೆ. ಕರ್‍ರ್ ಎಂದು ಕಿರುಚಿತು. ನನ್ನ ಮಾನ ಹೋಯಿತು. ಪಕ್ಕದಲ್ಲಿದ್ದ ಅತ್ತೆ ಮುಖ ಹಿಂಡಿದರು, ಅವರ ಎಡಗಾಲು ನೆಲವನ್ನು ಎರಡು ಸಲ ಒತ್ತಿತು. ಪಾಪ, ಹೆದರಿದ್ದಾರೆ ಅಂದುಕೊಂಡು ನಿಧಾನ ಮಾಡಿದೆ. ಹಿಂದೆ ಸೊಸೆ ಕಣ್ಣು ಮುಚ್ಚಿ ಕೂತಿದ್ದಳು.

ಮನೆಗೆ ಮರಳಿದಾಗ ಅಕ್ಕ ನನ್ನನ್ನು ಕೇಳಿದಳು: “ಗೋಡೆ ಮೇಲೆ ಕಾಣೆಯಾದೋರ ಫೋಟೋ ನೋಡಿದೆಯಾ? ಆಳು ಹೇಗಿದ್ರು?”

“ಎತ್ತರ. ನನ್ನಷ್ಟೇ ದಪ್ಪ.”

“ಮೈದುನ? ಗ್ರೀಸಣ್ಣ?”

“ನನಗಿಂತ ದಪ್ಪ.”

“ಹಾಗಿದ್ರೆ ಬೆಲ್ಟು ಯಾರ ಅಳತೆಗೆ ಬಿಗಿದಿತ್ತು?”

ನಾನು ಸಡಿಲಿಸಿದ್ದ ಪಟ್ಟಿಗಳ ಕಡೆ ತಿರುಗಿ ನೋಡಿದೆ.

ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿದಳು. ಓಡಿಸಿದವರು ಸೀಟನ್ನು ಜೋಪಾನವಾಗಿ ಮೊದಲಿದ್ದಂತೆ ಹಿಂದಕ್ಕೆ ಸರಿಸಿಟ್ಟಿದ್ದರು, ಪಟ್ಟಿಗಳನ್ನು ಮರೆತಿದ್ದರು. ಹಾಗಾದರೆ ಅವರು ಸಣಕಲು ಆಳು. ಪಾತ್ರೆ ಅದುರಿಸುವ ಎಂಜಿನ್ ಮನೆಯಲ್ಲೇ ಇದ್ದವರಿಗೆ ಕೇಳಿಸಲಿಲ್ಲವೆಂದರೆ ನಂಬುವವರಾರು? ಇನ್ನು ಆ ಎಡಗಾಲು.

“ಅಮ್ಮಾ, ನನ್ನ ತಮ್ಮ ಗೇರು ಹಾಕುವಾಗ ನೀವು ಎರಡು ಸಲ ಕ್ಲಚ್ ತುಳಿದಿರಿ. ಹೆದರಿದೋರು ಬ್ರೇಕ್ ತುಳೀತಾರೆ, ಅದೂ ಬಲಗಾಲಲ್ಲಿ. ಬೇಕರೀಲಿ ನೀವು ಮಾಡ್ತಿದ್ದ ಕೆಲಸ ಏನು?”

“ಬ್ರೆಡ್ಡಿನ ವ್ಯಾನ್ ಓಡಿಸ್ತಿದ್ದೆ,” ಎಂದರು ಅತ್ತೆ. “ಆ ಹಳೇ ವ್ಯಾನಿನ ಗೇರು ಎರಡು ಸಲ ಕ್ಲಚ್ ತುಳೀದೆ ಸದ್ದಿಲ್ದೆ ಬೀಳ್ತಿರಲಿಲ್ಲ, ಇದೂ ಹಾಗೇ. ಅವನಿಗೆ ಕಲಿಸಿದ್ದೂ ನಾನೇ.”

ಸೊಸೆ ಗೋಡೆಗೊರಗಿದಳು. “ಎಲ್ಲಿಗೆ ಹೋಗ್ತಿದ್ರಿ ಅತ್ತೆ?”

“ಬಂದರಿನ ತುದಿಗೆ. ಎಂಜಿನ್ ಆರಿಸದೆ, ನೀರಿನ ಕಡೆ ಮುಖ ಮಾಡಿ ನಿಲ್ಲಿಸ್ತಿದ್ದೆ. ಈ ಸದ್ದು ಕೇಳಿದ್ರೆ ಅವನಿಗೆ ಮನೆ ದಿಕ್ಕು ತಿಳಿಯುತ್ತೆ ಅಂತ.” ಸೊಸೆಯ ಕಡೆ ತಿರುಗಿದರು. “ಮೊದಲ್ನೇ ಶನಿವಾರಾನೇ ಹೇಳೋಣ ಅಂತಿದ್ದೆ. ನೀನು ನಗ್ತಾ ಅಂಗಿ ಇಸ್ತ್ರಿ ಮಾಡ್ತಿದ್ದೆ. ಬಾಯಿ ಬರಲಿಲ್ಲ ಮಗಳೇ.”

ಸೊಸೆ ಅಳಲಿಲ್ಲ. ಅಳುವುದನ್ನು ಅವಳು ಒಂದು ವರ್ಷ ಮುಂದೂಡಿದ್ದಳು, ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತಿಲ್ಲವೇನೋ ಅನ್ನಿಸಿ ನನಗೆ ಸಂಕಟವಾಯಿತು. ಕೊನೆಗೆ ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಅತ್ತೆಗೆ ಕೊಟ್ಟಳು.

“ಇನ್ನೊಂದು ಸಲ ಹೋಗೋಣ. ನಾನೂ ಬರ್ತೀನಿ. ಅಲ್ಲಿ ಎಂಜಿನ್ ಆರಿಸೋಣ.”

ಅತ್ತೆ ಸೀಟು ಮುಂದೆ ಎಳೆದುಕೊಂಡರು, ನಾನು ಸಡಿಲಿಸಿದ್ದ ಪಟ್ಟಿಗಳನ್ನು ಬಿಗಿದುಕೊಂಡರು. ಸೊಸೆ ಪಕ್ಕದಲ್ಲಿ ಕೂತಳು. ಇಸ್ತ್ರಿಯ ಅಂಗಿ ಅವಳ ಮಡಿಲಲ್ಲಿತ್ತು.

ಕಾರು ಬೀದಿ ದಾಟಿತು. ಎರಡನೇ ಗೇರು. ಆಮೇಲೆ ಮೂರನೆಯದು, ಒಂದು ಚೂರೂ ಸದ್ದಿಲ್ಲದೆ. ಓಡಿಸುತ್ತಿರುವವರು ಯಾರೆಂದು ಕಣ್ಣಾರೆ ಕಂಡಿದ್ದೆ, ಆದರೂ ಮೈ ಜುಮ್ಮೆಂದಿತು. ಅಕ್ಕ ಯಾವತ್ತೂ ಹಿಡಿಯದವಳು ಆ ದಿನ ನನ್ನ ತೋಳು ಹಿಡಿದುಕೊಂಡಳು.