ಬಾಗಿಲಿನ ಬಗ್ಗೆ ಎರಡು ಮಾತು

"ಲೇ ಕೋಮ್ಲಾ, ಛತ್ರಿ ತಿರುಗಿಸ್ಬ್ಯಾಡ ಕಣೇ! ಎಲ್ಲಾ ಕಾಣ್ತೈತೆ!"

ಒಳಗಿನಿಂದ ಭಾನುಪ್ರಿಯಾ ಕೂಗಿದಳು.

"ನಾನೆಲ್ಲೇ ತಿರುಗಿಸ್ದೆ? ಗಾಳಿ ತಿರುಗಿಸ್ತಾ ಐತೆ. ಬೇಗ ಬಾ!" ಎಂದಳು ಕೋಮಲಾ.

ಅವಳು ಪುಷ್ಪಾವತಿ ಮಿಸ್ಸಿನ ದೊಡ್ಡ ಕಪ್ಪು ಛತ್ರಿಯನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆಯ ಹುಡುಗಿಯರ ಟಾಯ್ಲೆಟ್ಟಿಗೆ ಬೆನ್ನು ಹಾಕಿ ನಿಂತಿದ್ದಳು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಛತ್ರಿಯೇ ಬಾಗಿಲು, ಕೋಮಲಾನೇ ಚಿಲಕ.

ನಿಜವಾದ ಬಾಗಿಲು ಜೂನ್ ತಿಂಗಳವರೆಗೂ ಇತ್ತು. ಅದರ ಒಂದು ತಿರುಪು ಸಡಿಲವಾಗಿತ್ತು, ಅಷ್ಟೇ. ಪಂಚಾಯ್ತಿಯ ಜವಾನ ದ್ಯಾವಯ್ಯ ಬಂದು, ಬಾಗಿಲನ್ನೇ ಕಿತ್ತು ತಲೆಯ ಮೇಲೆ ಹೊತ್ತು, "ರಿಪೇರಿ ಮಾಡಿಸ್ಕೊಂಡು ನಾಳಿದ್ದು ತತ್ತೀನಿ ಕಣ್ರವ್ವಾ" ಎಂದು ಹೋದ. ಈಗ ನವೆಂಬರ್. ದ್ಯಾವಯ್ಯನ ನಾಳಿದ್ದು ಇನ್ನೂ ಬಂದಿರಲಿಲ್ಲ. ಯಾವಾಗ ಕೇಳಿದರೂ ಅವನದು ಒಂದೇ ಉತ್ತರ: "ಕೆಲಸ ನಡೀತಾ ಐತೆ." ಒಂದು ತಿರುಪು ಹಾಕುವ ಕೆಲಸ ಐದು ತಿಂಗಳು ನಡೆಯಬೇಕಾದರೆ ಅದು ಎಷ್ಟು ದೂರ ಹೊರಟಿತ್ತೋ ಏನೋ!

ಅದೇ ಹೊತ್ತಿಗೆ ಆರನೇ ಕ್ಲಾಸಿನ ಒಳಗೆ ಪುಷ್ಪಾವತಿ ಮಿಸ್ ಕೇಳುತ್ತಿದ್ದರು. "ಶುಕ್ರವಾರ ಮಕ್ಕಳ ಗ್ರಾಮಸಭೆ. ವರ್ಷಕ್ಕೊಂದು ಸಲ ಪಂಚಾಯ್ತಿಯವರೇ ಕೂತು ಮಕ್ಕಳ ಕಷ್ಟ ಕೇಳ್ತಾರೆ. ನಮ್ಮ ಬಾಗಿಲಿನ ವಿಷಯ ಯಾರು ಮಾತಾಡ್ತೀರಾ?"

ಎಲ್ಲರಿಗೂ ಒಟ್ಟಿಗೇ ಪುಸ್ತಕದೊಳಗೆ ಏನೋ ಹುಡುಕುವುದಿತ್ತು.

"ಸರಿ, ಯಾರಿಗೆ ಆಗಲ್ವೋ ಅವರು ಕೈ ಎತ್ತಿ."

ಎಲ್ಲ ಕೈಗಳೂ ಮೇಲೆ ಹೋದವು. ಕೆಲವರು ಎರಡೆರಡು ಕೈ ಎತ್ತಿದರು. ಅಷ್ಟರಲ್ಲಿ ಓಡಿ ಬಂದ ಭಾನುಪ್ರಿಯಾ, ಯಾಕೆ ಏನು ಅಂತ ಕೇಳದೆ ತಾನೂ ಎತ್ತಿದಳು. ಕೊನೆಗೆ ಕೋಮಲಾ ಬಂದಳು. ಅವಳ ಎರಡೂ ಕೈ ಛತ್ರಿ ಮಡಚುವುದರಲ್ಲಿತ್ತು.

"ಕೈ ಎತ್ತದೇ ಇರೋಳು ಕೋಮಲಾ ಒಬ್ಬಳೇ. ಎಲ್ಲರೂ ಚಪ್ಪಾಳೆ ತಟ್ಟಿ!" ಎಂದರು ಮಿಸ್.

"ಮಿಸ್, ನಂಗೆ... ಹಿಕ್!"

ಅದೇ ಅವಳ ತೊಂದರೆ. ನಾಲ್ಕು ಜನರ ಮುಂದೆ ನಿಂತರೆ ಸಾಕು, ಕೋಮಲಾಗೆ ಬಿಕ್ಕಳಿಕೆ ಬರುತ್ತಿತ್ತು. ಹೋದ ವರ್ಷ ಮಕ್ಕಳ ದಿನಾಚರಣೆಯಲ್ಲಿ "ಎಲ್ಲರಿಗೂ ನಮಸ್... ಹಿಕ್" ಎಂದು ಶುರುವಾದದ್ದು, ಮನೆಗೆ ಹೋಗಿ ಮುದ್ದೆ ಉಂಡ ಮೇಲೆ ನಿಂತಿತ್ತು.

ಸಂಜೆ ಅಜ್ಜಿ ಲಕ್ಕಮ್ಮ ಮೊಮ್ಮಗಳನ್ನು ತೆಂಗಿನಕಾಯಿ ರಾಶಿಯ ಮುಂದೆ ನಿಲ್ಲಿಸಿದಳು. ಚನ್ನರಾಯಪಟ್ಟಣದ ಮಾರ್ಕೆಟ್ಟಿಗೆ ಹಾಕಲು ಸುಲಿದಿಟ್ಟ ಕಾಯಿಗಳು.

"ಇವೇ ಜನ ಅಂದ್ಕೊ. ಮಾತಾಡವ್ವ."

ಕೋಮಲಾ ಕಾಯಿಗಳನ್ನು ನೋಡಿದಳು. ಕಾಯಿಗಳೂ ಅವಳನ್ನು ನೋಡಿದವು. "ಅಜ್ಜಿ, ಜನಕ್ಕಾದ್ರೆ ಎರಡೇ ಕಣ್ಣು. ಇವಕ್ಕೆ ಮೂರ್ಮೂರು! ಹಿಕ್!"

"ಅದು ಹೆದ್ರಿಕೆಗಲ್ಲ ಬಿಡು. ನಿನ್ನ ಯಾರೋ ನೆನೆಸ್ಕೊತಾವ್ರೆ. ಅದ್ಕೇ ಬಿಕ್ಕಳಿಕೆ. ಯಾರು ಅಂತ ಸರಿಯಾಗಿ ಹೆಸ್ರು ಹೇಳುದ್ರೆ ಟಕ್ ಅಂತ ನಿಂತೋಯ್ತದೆ," ಎಂದಳು ಅಜ್ಜಿ. ಆಮೇಲೆ ಅಜ್ಜಿ ಮೊಮ್ಮಗಳು ಸೇರಿ ಎಲ್ಲ ನೆಂಟರ ಹೆಸರನ್ನೂ ಹೇಳಿದರು. ಯಾರೂ ನೆನೆಸಿಕೊಂಡ ಹಾಗೆ ಕಾಣಲಿಲ್ಲ.

ಶುಕ್ರವಾರ ಬಂದೇ ಬಿಟ್ಟಿತು. ಸಮುದಾಯ ಭವನದ ತುಂಬ ಮಕ್ಕಳು, ಹಿಂದುಗಡೆ ದೊಡ್ಡವರು. ಎದುರಿಗೆ ಉದ್ದನೆಯ ಟೇಬಲ್, ಅದರ ಮೇಲೆ ನೆಲ ಮುಟ್ಟುವ ಹೂವಿನ ಬಟ್ಟೆ. ನಡುವೆ ಪಂಚಾಯ್ತಿ ಅಧ್ಯಕ್ಷ ಗುಂಡಯ್ಯನವರು, ಪಕ್ಕದಲ್ಲಿ ಅಧಿಕಾರಿ ಶಶಿಕಿರಣ್ ಸರ್, ಇನ್ನೂ ಮೂವರು ಮೆಂಬರುಗಳು.

ಕೋಮಲಾಳ ಹೆಸರು ಕೂಗಿದರು. ಮೈಕು ಅವಳ ಮೂಗಿನ ಹತ್ತಿರ ಬಂತು.

"ಮಾನ್ಯ ಅಧ್ಯಕ್ಷರೇ, ನಮ್ಮ ಶಾಲೆಯ ಬಾ... ಹಿಕ್!"

ಮೈಕಿನಲ್ಲಿ ಆ ಹಿಕ್ಕು ಗೋಡೆಗೆ ಬಡಿದು ವಾಪಸ್ಸು ಬಂತು. ಸಭೆ ಗೊಳ್ಳೆಂದಿತು.

"ಪಾಪ, ಮಗೀನ ಯಾರೋ ನೆನೆಸ್ಕೊತಾವ್ರೆ," ಎಂದರು ಗುಂಡಯ್ಯನವರು.

"ಹಿರೀಸಾವೆ ಅತ್ತೇನೇನೋ!" ಹಿಂದಿನಿಂದ ಲಕ್ಕಮ್ಮ ಕೂಗಿದಳು.

"ಹಿಕ್!"

"ಅತ್ತೆ ಅಲ್ಲ. ಸೋದರಮಾವನ ಹೆಸ್ರು ಹೇಳು," ಎಂದರು ಒಬ್ಬ ಮೆಂಬರು.

"ಹಿಕ್!"

"ಅವನೂ ಅಲ್ಲ ಕಣ್ರೀ. ಅವಳ ಹಳೇ ಮೇಷ್ಟ್ರು ಹಾಸನಕ್ಕೆ ಟ್ರಾನ್ಸ್‌ಫರ್ ಆದ್ರಲ್ಲ, ಅವ್ರಿರ್ಬೋದು!" ಎಂದರು ಇನ್ನೊಬ್ಬ ಮೆಂಬರು.

ಹತ್ತು ನಿಮಿಷ ಗ್ರಾಮಸಭೆ ಅದೊಂದೇ ವಿಷಯ ಚರ್ಚಿಸಿತು. ಶಶಿಕಿರಣ್ ಸರ್ ಕೂಡ ಯೋಚನೆ ಮಾಡಿ, "ನಿಮ್ಮ ಫ್ರೆಂಡ್ಸ್ ಯಾರಾದ್ರೂ ಆಬ್ಸೆಂಟಾ?" ಎಂದು ಕೇಳಿದರು. ಕೋಮಲಾಗೆ ಅಳು ಬರುವ ಹಾಗಾಯಿತು. ಬಾಗಿಲಿನ ಬಗ್ಗೆ ಇನ್ನೂ ಒಂದಕ್ಷರ ಹೇಳಿರಲಿಲ್ಲ. ಇವತ್ತು ಹೇಳದಿದ್ದರೆ ಇನ್ನು ಒಂದು ವರ್ಷ ಛತ್ರಿಯೇ ಗತಿ.

"ಇಲ್ಲಿ ಬಾ ಮಗಾ, ನೀರು ಕುಡಿ," ಎಂದು ಗುಂಡಯ್ಯನವರು ದೊಡ್ಡ ಲೋಟ ಮುಂದೆ ಮಾಡಿದರು.

"ಬ್ಯಾಡ ಸಾ. ಹಿಕ್!"

"ಕುಡಿಯವ್ವ, ನಿಂತೋಯ್ತದೆ."

"ಬ್ಯಾಡ ಸಾ!" ಎಂದು ಅವಳು ಕೈ ಅಡ್ಡ ಹಿಡಿದಳು. ಅದೇ ಹೊತ್ತಿಗೆ ಇನ್ನೊಂದು ಹಿಕ್ಕು ಬಂತು. ಕೈ ತಾಗಿ ಲೋಟ ಉರುಳಿತು. ಫೈಲುಗಳು ನೆನೆಯುತ್ತವೆ ಅಂತ ಎಲ್ಲರೂ ಅವನ್ನು ಎತ್ತಿಕೊಂಡು ಎದ್ದರು. ದ್ಯಾವಯ್ಯ ಓಡಿ ಬಂದು ಹೂವಿನ ಬಟ್ಟೆಯನ್ನು ಸರ್ರನೆ ಎಳೆದ. ಎಳೆದವನು ಹಾಗೇ ನಿಂತುಬಿಟ್ಟ.

ಬಟ್ಟೆಯ ಕೆಳಗೆ ಟೇಬಲ್ ಇರಲಿಲ್ಲ. ಎರಡು ನೀರಿನ ಡ್ರಮ್ಮು, ಡ್ರಮ್ಮಿನ ಮೇಲೆ ನೀಲಿ ಬಣ್ಣದ ಹಲಗೆ. ಹಲಗೆಯ ಒಂದು ಬದಿಗೆ ಚಿಲಕ. ಮಧ್ಯದಲ್ಲಿ ಪೆನ್ನಿನಲ್ಲಿ ಗುಂಡಗೆ ಬರೆದ ಹದಿನೇಳರ ಮಗ್ಗಿ.

ಆ ಕೈಬರಹ ಯಾರದೆಂದು ಕೋಮಲಾಗೆ ಗೊತ್ತು.

"ಸಾ, ಇದು ನಮ್ ಬಾಗ್ಲು!"

ಶಶಿಕಿರಣ್ ಸರ್ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ಓದಿದರು. "ಹದಿನೇಳಾರ್ಲಿ ನೂರ ಹನ್ನೆರಡು?"

"ನೂರ ಎರಡು ಸಾ!" ಮಕ್ಕಳ ಮಧ್ಯದಿಂದ ಭಾನುಪ್ರಿಯಾ ಎದ್ದು ಕೂಗಿದಳು. "ಅವತ್ತು ಅರ್ಜೆಂಟಿತ್ತು!"

ಎಲ್ಲರೂ ದ್ಯಾವಯ್ಯನ ಕಡೆ ತಿರುಗಿದರು.

"ಆಗಸ್ಟ್ ಹದಿನೈದಕ್ಕೆ ಟೇಬಲ್ ಸಾಲ್ದೇ ಬಂತು ಸಾ. ಡ್ರಮ್ ಮ್ಯಾಲೆ ಇಟ್ಟು ನೋಡ್ದೆ. ಅಳತೆ ಮಾಡ್ಸಿದಂಗೆ ಕೂತ್ಕಂಡ್ಬುಡ್ತು," ಎಂದ ದ್ಯಾವಯ್ಯ, ಬಟ್ಟೆ ಹಿಂಡುತ್ತಾ.

"ಅಯ್ಯೋ ನಿನ್ನ! ಇದರ ಮ್ಯಾಲೆ ನಾವು ಮೂರು ಮೀಟಿಂಗ್ ಮಾಡಿದ್ದೀವಲ್ಲೋ!" ಎಂದರು ಗುಂಡಯ್ಯನವರು.

"ಯಾವ ಮೀಟಿಂಗು ಸಾ?" ಎಂದು ಕೋಮಲಾ ಕೇಳಿದಳು.

ಗುಂಡಯ್ಯನವರು ಚಾವಣಿ ನೋಡಿದರು. "ಅದೇ... ಸ್ಕೂಲಿನ ಬಾಗ್ಲು ಎಲ್ಲೋಯ್ತು ಅಂತ."

ಸಭೆ ಬಿದ್ದು ಬಿದ್ದು ನಕ್ಕಿತು. ಕೋಮಲಾ ನಗಲಿಲ್ಲ. ಅವಳು ಬಾಗಿಲಿನ ಮೇಲೆ ಕೈಯಿಟ್ಟು ಮೈಕಿನ ಹತ್ತಿರ ಬಾಯಿ ತಂದಳು. ಬರೆದು ತಂದಿದ್ದ ಚೀಟಿ ಎಲ್ಲಿ ಬಿತ್ತೋ ಅವಳಿಗೆ ನೆನಪೇ ಇರಲಿಲ್ಲ.

"ನಾವು ಛತ್ರಿ ಹಿಡ್ಕೊಂಡು ನಿಂತ್ಕೋತೀವಿ ಸಾ. ಒಬ್ಬಳು ಒಳಗೆ ಹೋದ್ರೆ ಇನ್ನೊಬ್ಬಳಿಗೆ ಪಾಠ ಹೋಯ್ತದೆ. ಗಾಳಿ ಬಂದ್ರೆ ಛತ್ರಿ ಉಲ್ಟಾ ಆಯ್ತದೆ. ಹುಡುಗ್ರು ನಗ್ತಾರೆ. ಅದ್ಕೇ ನಾವು ಹುಡುಗೀರು ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ ಸಾ. ಬಿಸಿಯೂಟಕ್ಕೂ ಕುಡಿಯಲ್ಲ. ಮನೆಗೆ ಹೋಗಿ ಕುಡೀತೀವಿ. ಈಗ್ಲೂ ಅದ್ಕೇ ಬ್ಯಾಡ ಅಂದಿದ್ದು."

ಯಾರೂ ನಗಲಿಲ್ಲ. ಹಿಂದೆ ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿಗೂ ಈ ವಿಷಯ ಗೊತ್ತಿರಲಿಲ್ಲ. ಪುಷ್ಪಾವತಿ ಮಿಸ್ ತಲೆ ತಗ್ಗಿಸಿದರು.

ಬಿಕ್ಕಳಿಕೆ ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ. ಕೋಮಲಾ ಸಹ.

"ದ್ಯಾವಯ್ಯ, ಎತ್ತು," ಎಂದರು ಶಶಿಕಿರಣ್ ಸರ್ ಮೆಲ್ಲಗೆ. "ಈಗಲೇ. ತಿರುಪು ನಾನು ತರ್ತೀನಿ."

ದ್ಯಾವಯ್ಯ ಒಂದು ಕಡೆ, ಮೆಂಬರೊಬ್ಬರು ಇನ್ನೊಂದು ಕಡೆ ಹಿಡಿದು ಬಾಗಿಲನ್ನು ಹೊರಗೆ ಸಾಗಿಸಿದರು. ಡ್ರಮ್ಮುಗಳೂ ಉರುಳಿಕೊಂಡು ಹೋದವು. ಐದು ಕುರ್ಚಿ ಮಾತ್ರ ಉಳಿದವು. ಮಿಕ್ಕವರು ಮತ್ತೆ ಕೂತರು.

ಆಗ ಮೊದಲ ಸಲ ಪಂಚಾಯ್ತಿಯವರ ಕಾಲುಗಳು ಮಕ್ಕಳಿಗೆ ಕಂಡವು. ಒಬ್ಬ ಮೆಂಬರು ಚಪ್ಪಲಿ ಬಿಟ್ಟು ಕಾಲು ಮಡಚಿಕೊಂಡಿದ್ದರು. ಶಶಿಕಿರಣ್ ಸರ್ ಹಾಕಿಕೊಂಡಿದ್ದ ಸಾಕ್ಸು ಒಂದು ಕಪ್ಪು, ಒಂದು ಕಂದು.

ಉತ್ತರ ಹೇಳಲು ಗುಂಡಯ್ಯನವರು ಎದ್ದು ಮೈಕು ಹಿಡಿದರು. ಅಭ್ಯಾಸದಂತೆ ಊರಿಕೊಳ್ಳಲು ಎಡಗೈ ಮುಂದೆ ಚಾಚಿದರು. ಅಲ್ಲಿ ಏನೂ ಇರಲಿಲ್ಲ. ಕೈ ಗಾಳಿಯಲ್ಲೇ ಉಳಿಯಿತು. ಕಾಲಿನ ಹೆಬ್ಬೆರಳು ನೆಲವನ್ನು ಕೆರೆಯುತ್ತಿತ್ತು.

"ಮಕ್ಕಳೇ... ಅದು... ಏನಂದ್ರೆ..."

ಭಾನುಪ್ರಿಯಾ ಕಿಸಕ್ಕೆಂದಳು.

ಕೋಮಲಾ ಆ ಹೆಬ್ಬೆರಳನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಹೂವಿನ ಬಟ್ಟೆಯ ಹಿಂದೆ ಅದು ಹೀಗೇ ನೆಲ ಕೆರೆಯುತ್ತಿತ್ತೋ ಏನೋ. ಅವಳು ಭಾನುಪ್ರಿಯಾಳ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅಧ್ಯಕ್ಷರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು.

"ನಿಧಾನಕ್ಕೆ ಹೇಳಿ ಸಾ. ನಾವು ಇಲ್ಲೇ ಇರ್ತೀವಿ."