ಏಳನೇ ಗುಂಪಿನ ಕ್ಷಮೆ

"ಮೂರು ದಿನದಿಂದ ಎಲ್ಲದಕ್ಕೂ ಐದರಲ್ಲಿ ಒಂದೇ ಒಂದು ಅಂಕ ಕೊಡುತ್ತಿರುವವರು ನೀವೇನಾ?"

ಬೆನ್ನ ಹಿಂದಿನಿಂದ ಇಂಗ್ಲಿಷಿನಲ್ಲಿ ಬಂದ ಪ್ರಶ್ನೆಗೆ ಚಂಪಾ ತಿರುಗಿಯೂ ನೋಡಲಿಲ್ಲ. ಹೌದು ಎಂದಳು. ಓದಿ ಕೊಡುತ್ತಿದ್ದೀರೋ, ಸುಮ್ಮನೆ ಗುಂಡಿ ಒತ್ತುತ್ತಿದ್ದೀರೋ ಎಂದು ಆ ದನಿ ಮತ್ತೆ ಕೇಳಿತು.

ಚಂಪಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದನ್ನು ನಾನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗದಗಿನ ಹುಡುಗಿ. ಮಲೇಶಿಯಾದ ಪೆನಾಂಗಿಗೆ ಬಂದು ಎರಡು ವರ್ಷ ವಿನ್ಯಾಸ ಓದಿದ ಮೇಲೂ ಆ ಸಿಟ್ಟು ಒಂದಿಷ್ಟೂ ತಣ್ಣಗಾಗಿರಲಿಲ್ಲ.

"ಮುಂಜಾನೆ ಮುಂಜಾನೆ ಈ ಮನಷ್ಯಾಗ ನಾನ ಸಿಕ್ಕೆನೇನು..." ಎಂದು ತನ್ನಷ್ಟಕ್ಕೆ ತಾನೇ ಗೊಣಗಿದಳು.

"ಸಂಜೆ ಬರಬೇಕಿತ್ತಾ?"

ಅಚ್ಚ ಮೈಸೂರು ಕನ್ನಡ! ಆ ದನಿಯವನಿಗೆ ಅವಳ ಗೊಣಗಾಟ ತಿಳಿದುಬಿಟ್ಟಿತ್ತು. ತಿರುಗಿದರೆ, ಕನ್ನಡಕದ ಹಿಂದೆ ನಗು ತಡೆದುಕೊಂಡಿದ್ದ ಎರಡು ಕಣ್ಣು. ಕೊರಳಿನ ಗುರುತಿನ ಚೀಟಿಯಲ್ಲಿ ಗುರುದತ್ ಎಂದಿತ್ತು.

'ಅಯ್ಯೋ... ಈ ಪರೀಕ್ಷೆಯನ್ನೆಲ್ಲ ಮಾಡಿದವನು ಇವನೇ!'

ಪೆನಾಂಗಿನ ಕಾರ್ಖಾನೆ ಪ್ರದೇಶವಾದ ಬಯಾನ್ ಲೆಪಾಸ್‌ನ ಅವರ ಕಂಪನಿ ಅಡುಗೆಮನೆಯ ಯಂತ್ರಗಳನ್ನು ಮಾಡುತ್ತಿತ್ತು. ರೈಸ್ ಕುಕ್ಕರ್, ಮಿಕ್ಸಿ, ಒಲೆ. ಹೊಸ ಹೊಸ ಐಡಿಯಾ ಕೊಡಲು ಒಂದು ಎಐ ಮಾಡೆಲ್ ಬೇಕಿತ್ತು. ಮಾರುಕಟ್ಟೆಯಲ್ಲಿ ಮೂರಿದ್ದವು, ಒಂದನ್ನು ಆರಿಸಬೇಕು. ಮೂರಕ್ಕೂ ಒಂದೇ ಪ್ರಶ್ನೆಗಳನ್ನು ಕೇಳಿ, ಬಂದ ಐಡಿಯಾಗಳನ್ನು ಆರು ಜನರ ಮುಂದಿಟ್ಟು, ಎಷ್ಟು ಹೊಸತು ಎಂದು ಅಂಕ ಕೊಡಿಸುವುದು ಗುರುದತ್‌ನ ಕೆಲಸ. ಯಾವ ಐಡಿಯಾ ಯಾವ ಮಾಡೆಲ್‌ನದು ಎಂಬುದು ಅವನ ಹತ್ತಿರ ಬೀಗ ಹಾಕಿದ ಒಂದು ಫೈಲಿನಲ್ಲಿತ್ತು. ಆ ಆರು ಜನರಲ್ಲಿ ಚಂಪಾ ಒಬ್ಬಳು. ಮೂರು ತಿಂಗಳ ಕರಾರು, ಕೆಲಸ ಒಪ್ಪಿಗೆಯಾದರೆ ಕಾಯಂ. ಆಗದಿದ್ದರೆ ವೀಸಾ ಮುಗಿದು ಊರಿಗೆ.

ಉಳಿದ ಐವರು ನಾಲ್ಕು, ಐದು ಅಂತ ಧಾರಾಳವಾಗಿ ಕೊಟ್ಟಿದ್ದರು. ಇವಳು ಮಾತ್ರ ಒಂದು, ಒಂದು, ಒಂದು.

"ಕುಂದ್ರಿ, ಹೇಳ್ತೀನಿ," ಎಂದಳು ಚಂಪಾ.

ಮೊದಲ ದಿನ 'ಅಜ್ಜಿಯ ದನಿಯಲ್ಲಿ ಅಡುಗೆ ಹೇಳಿಕೊಡುವ ಕುಕ್ಕರ್' ಎಂದು ಓದಿದಾಗ ಅವಳ ಕಣ್ಣು ಒದ್ದೆಯಾಗಿತ್ತಂತೆ. ಐದು ಅಂಕ ಕೊಟ್ಟಿದ್ದಳಂತೆ. ಮರುದಿನ ಅಜ್ಜಿಯ ದನಿಯ ಮಿಕ್ಸಿ ಬಂತು. ಆಮೇಲೆ ಅಜ್ಜಿಯ ದನಿಯ ಒಲೆ. ಹಬ್ಬದ ಉಡುಗೊರೆ ಏನು ಕೊಡಬಹುದು ಎಂದು ಕೇಳಿದರೂ ಅಜ್ಜಿಯೇ ಬಂದಳು. ಹದಿನೇಳನೇ ಅಜ್ಜಿಯ ಹೊತ್ತಿಗೆ ಚಂಪಾಳ ತಾಳ್ಮೆ ತೀರಿತ್ತು.

"ಒಂದೊಂದಾಗಿ ನೋಡಿದ್ರ ಎಲ್ಲಾ ಚಂದ. ಒಟ್ಟಿಗೆ ಇಟ್ಟ್ ನೋಡ್ರಿ, ಎಲ್ಲಾ ಒಂದ. ಹಂತಾದ್ದಕ್ಕ ಹೊಸಾದು ಅಂತ ನಾ ಹೆಂಗ ಅಂಕಾ ಕೊಡ್ಲಿ?"

ಪ್ರತಿ ಐಡಿಯಾವನ್ನೂ ಬೇರೆಯದರ ಜೊತೆ ಹೋಲಿಸದೆ ಒಂದೊಂದಾಗಿಯೇ ನೋಡಬೇಕು, ಅದು ನಿಯಮ ಎಂದ ಗುರುದತ್. ಆ ನಿಯಮ ಬರೆದವರು ಯಾರು ಎಂದು ಚಂಪಾ ಕೇಳಿದಳು. ನಾನೇ ಎಂದ. ಹಾಗಾದರೆ ನಿಯಮವೇ ತಪ್ಪು ಎಂದಳು.

ಇಷ್ಟು ಹೇಳಿ ಅವಳಿಗೇ ಹೆದರಿಕೆಯಾಯಿತು. ಅವನಿಗೆ ಮಾತ್ರ ಯಾಕೋ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಎದುರಿನ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಹೋಟೆಲಿಗೆ, ಒಟ್ಟಿಗೆ ಹೋದರು. ಜಗಳ ಮುಗಿದಿರಲಿಲ್ಲ, ಅದಕ್ಕೇ ಹೋದರು. ಮರುದಿನವೂ ಮುಗಿಯಲಿಲ್ಲ. ರೊಟ್ಟಿ ಚನಾಯ್ ಹರಿಯುತ್ತಾ ಅವನು ಅವಳ ಗದಗಿನ ಮಾತನ್ನು ಅಣಕಿಸುವುದು, ಅವಳು ಅವನ ಮೈಸೂರಿನ ನಯವನ್ನು ಹಂಗಿಸುವುದು... ಹೀಗೇ ಎರಡು ವಾರ ಕಳೆಯಿತು. ಕೊನೆಕೊನೆಗೆ ಹನ್ನೆರಡೂವರೆ ಆಗುವುದನ್ನೇ ಚಂಪಾ ಕಾಯತೊಡಗಿದ್ದಳು. ಯಾಕೆ ಎಂದು ಮಾತ್ರ ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಒಂದು ಭಾನುವಾರ ಅವನು ಅವಳ ಮನೆಗೇ ಬಂದ. ಹದಿನಾಲ್ಕನೇ ಮಹಡಿಯ ಆ ಫ್ಲ್ಯಾಟಿನಲ್ಲಿ ಚಂಪಾಳ ಜೊತೆ ಬೆಂಗಳೂರಿನ ತುಳಸಿ ಇದ್ದಳು, ಚಿಪ್ ಕಾರ್ಖಾನೆಯ ಎಂಜಿನಿಯರ್. ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದೊಂದು ಐಡಿಯಾಕ್ಕೆ ಒಂದೊಂದು ಚೀಟಿಯಂತೆ ಸಂಖ್ಯೆ ಸಮೇತ ನಾನೂರು ಚೀಟಿ ಬರೆದು, ಒಂದೇ ಥರದವನ್ನು ಒಂದೊಂದು ಗುಂಪು ಮಾಡಿ ಚಂಪಾ ನೆಲದ ತುಂಬಾ ಇಟ್ಟಿದ್ದಳು. ಹನ್ನೊಂದು ಗುಂಪು. ಯಾವ ಗುಂಪಿಗೂ ಸೇರದ ಅರವತ್ತು ಚೀಟಿಗಳು ಕಿಟಕಿಯ ಪಕ್ಕ ಬಿಡಿಬಿಡಿಯಾಗಿದ್ದವು.

"ಊರಿಗೆಲ್ಲಾ ಒಂದು ದಾರಿ ಆದ್ರೆ ಇವಳಿಗೇ ಒಂದು ದಾರಿ, ನೋಡಿ," ಎಂದು ತುಳಸಿ ದೂರು ಹೇಳಿದಳು.

ಗುರುದತ್ ನಗಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಮೂರು ಗಂಟೆ ಒಂದೊಂದೇ ಚೀಟಿ ಓದಿದ. ಗುಂಪು ತಪ್ಪಿದ್ದ ಒಂದನ್ನು ಹುಡುಕಿ ಸರಿಯಾದ ಕಡೆ ಇಟ್ಟ. ಕಿಟಕಿಯ ಹತ್ತಿರದ ಚೀಟಿಗಳೆಲ್ಲ ಒಂದೇ ಮಾಡೆಲ್‌ನವಾದರೆ ಏನು ಕಥೆ ಎಂದು ಚಂಪಾ ಕೇಳಿದಳು. ಬೀಗದ ಫೈಲು ತೆರೆದು ನೋಡೋಣ ಎಂದಳು. ಎಲ್ಲರ ಅಂಕ ಮುಗಿಯುವ ಮೊದಲು ತೆರೆದರೆ ಎರಡು ತಿಂಗಳ ಪರೀಕ್ಷೆಯೇ ರದ್ದು ಎಂದ ಅವನು. ಹೊರಡುವಾಗ ಮಾತ್ರ ಬಾಗಿಲಲ್ಲಿ ನಿಂತು, ನೀವು ಹೇಳುತ್ತಿರುವುದು ಸರಿ ಅನಿಸುತ್ತಿದೆ ಎಂದ.

'ನನ್ನ ಮಾತು ಒಬ್ಬನಿಗಾದರೂ ತಿಳಿಯಿತಲ್ಲ...'

ಆ ರಾತ್ರಿ ಅವಳಿಗೆ ತುಂಬಾ ದಿನದ ಮೇಲೆ ಸುಖವಾದ ನಿದ್ದೆ ಬಂತು.

ಶುಕ್ರವಾರ ವರದಿ ಬಂತು. ಮೊದಲ ಸ್ಥಾನ 'ಎ' ಮಾಡೆಲ್‌ಗೆ. 'ಸಿ' ಕೊನೆಗೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಆರನೆಯವರ ಅಂಕಗಳನ್ನು ಅಜಾಗರೂಕತೆಯ ಕಾರಣ ಕೈಬಿಡಲಾಗಿದೆ. ಅದರ ಕೆಳಗೆ ಗುರುದತ್‌ನ ಸಹಿ.

ಅಜಾಗರೂಕತೆ!

ಊಟ ನಿದ್ದೆ ಬಿಟ್ಟು ನಾನೂರು ಚೀಟಿ ಬರೆದವಳಿಗೆ... ಅಜಾಗರೂಕತೆ! ಆ ಒಂದು ಪದ ಇದ್ದರೆ ಕಾಯಂ ಕೆಲಸದ ಮಾತೇ ಇಲ್ಲ. ಆದರೆ ಕೆಲಸದ ಚಿಂತೆ ಆಮೇಲೆ ಬಂತು. ಅದಕ್ಕಿಂತ ಮೊದಲು, ತನ್ನ ಮನೆಯ ನೆಲದಲ್ಲಿ ಮೂರು ಗಂಟೆ ಕೂತವನು ಈ ಸಾಲಿಗೆ ಸಹಿ ಹಾಕಿದನಲ್ಲ ಎಂಬುದೇ ಅವಳನ್ನು ಚುಚ್ಚಿತು.

ನಿಜ ಏನು ಗೊತ್ತೇ? ಆ ಸಾಲನ್ನು ಅವನು ಬರೆದಿರಲಿಲ್ಲ. ಉಳಿದವರಿಗಿಂತ ತೀರಾ ಬೇರೆ ಅಂಕ ಕೊಟ್ಟವರನ್ನು ಕೈಬಿಟ್ಟು ಆ ಕಾರಣ ಬರೆಯುವಂತೆ ತಿಂಗಳುಗಳ ಹಿಂದೆ ಪ್ರೋಗ್ರಾಂ ಮಾಡಿದ್ದ, ಅದು ತಾನೇ ಬರೆದುಕೊಂಡಿತ್ತು. ಅವನು ಓದದೆ ಸಹಿ ಹಾಕಿದ್ದ. ಯಾರು ಅಜಾಗರೂಕರು, ನೀವೇ ಹೇಳಿ.

ಸೋಮವಾರ ಅವಳ ಮೇಜಿನ ಮೇಲೆ ಒಂದು ಪುಟ್ಟ ಕುಂಡವಿತ್ತು. ಪಕ್ಕದಲ್ಲಿ ಬೀಜದ ಪೊಟ್ಟಣ. ಒಂದು ಚೀಟಿ: 'ಕ್ಷಮೆ ಒಂದು ಬೀಜ. ನೀವು ನೀರೆರೆದರೆ ನಮ್ಮ ಸ್ನೇಹ ಮತ್ತೆ ಚಿಗುರುತ್ತದೆ.'

ಚಂಪಾ ಎರಡು ಸಲ ಓದಿದಳು. ಕುಂಡವನ್ನು ಎತ್ತಿಕೊಂಡು ಸೀದಾ ಅವನ ಮೇಜಿಗೆ ಹೋದಳು.

"ಗುರುದತ್, ಇದು ಏಳನೇ ಗುಂಪು."

ಅವನ ಮುಖದ ಬಣ್ಣ ಹೋಯಿತು.

"'ಸಹೋದ್ಯೋಗಿಗೆ ಹೊಸ ರೀತಿಯೊಳಗ ಕ್ಷಮೆ ಕೇಳೂದು ಹೆಂಗ' ಅಂತ ನಿಮ್ಮ ಪ್ರಶ್ನೆಪಟ್ಟಿಯೊಳಗ ಒಂದು ಪ್ರಶ್ನೆ ಇತ್ತು. ಬೀಜ, ಕುಂಡ, ಚಿಗುರು. ಒಂಬತ್ತ್ ಸಲ ಬಂದೈತಿ. ನನ್ನ ಹತ್ರ ಕ್ಷಮೆ ಕೇಳಾಕೂ ಮಷೀನ್‌ನ ಕೇಳಿದ್ರೇನು?"

ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

"ಮೂರನ್ನೂ ಕೇಳಿದೆ. ಹೋಲಿಸಿ ನೋಡಿ... ಒಳ್ಳೇದನ್ನ ಆರಿಸ್ದೆ."

ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗು ಬರಲಿಲ್ಲ.

'ನನಗಾಗಿ ಹತ್ತು ನಿಮಿಷ ತಲೆ ಕೆಡಿಸಿಕೊಳ್ಳುವುದಕ್ಕೂ ಆಗಲಿಲ್ಲವೇ ಇವನಿಗೆ?'

ಕುಂಡವನ್ನು ಅಲ್ಲೇ ಇಟ್ಟು ಬಂದಳು. ಹನ್ನೆರಡೂವರೆಗೆ ಮಾಮಕ್ ಅಂಗಡಿಗೆ ಹೋಗಲಿಲ್ಲ. ಸಂಜೆ ತುಳಸಿ ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ತಂದ ಊಟ ರಾತ್ರಿಯವರೆಗೂ ಹಾಗೇ ಇತ್ತು. ಇನ್ನೊಂದು ಕೆಲಸ ಹುಡುಕೋಣ, ಬಿಟ್ಟುಬಿಡು ಎಂದು ತುಳಸಿ ಸಮಾಧಾನ ಮಾಡಿದಳು.

"ಬ್ಯಾರೆ ಕೆಲಸ ಸಿಗತೈತಿ. ಆದ್ರ ಆ ಶಬ್ದ ಹೊತ್ಕೊಂಡು ನಾ ಎಲ್ಲಿಗೂ ಹೋಗಂಗಿಲ್ಲ," ಎಂದಳು ಚಂಪಾ.

ಬುಧವಾರ ಹತ್ತು ಗಂಟೆಗೆ ಮೀಟಿಂಗ್. 'ಎ' ಮಾಡೆಲ್ ಕೊಳ್ಳುವ ಕಾಗದಕ್ಕೆ ವಾಸಂತಿ ಮೇಡಂ ಸಹಿ ಹಾಕುವವರಿದ್ದರು. ಪೆನಾಂಗಿನಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ವಿಭಾಗಕ್ಕೇ ಮುಖ್ಯಸ್ಥೆ. ಅವರ ಎದುರು ಜನ ದನಿ ಎತ್ತುತ್ತಿರಲಿಲ್ಲ. ಅಂಕ ಕೈಬಿಡಲಾದವಳಿಗೆ ಆ ಮೀಟಿಂಗಿಗೆ ಕರೆ ಇರಲಿಲ್ಲ.

ಚಂಪಾ ಕರೆ ಇಲ್ಲದೆಯೇ ಹೋದಳು. ಎರಡು ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ಚೀಟಿಗಳನ್ನು ತುಂಬಿಕೊಂಡು, ಬಾಗಿಲು ತಳ್ಳಿ ಒಳಗೆ ನಡೆದಳು.

ಯಾರು ಒಳಗೆ ಬಿಟ್ಟರು ಎಂದು ವಾಸಂತಿ ಮೇಡಂ ಕೇಳಿದರು. ಯಾರೂ ಇಲ್ಲ ಎಂದು ಉತ್ತರ ಕೊಟ್ಟು, ಆ ಉದ್ದನೆಯ ಮೇಜಿನ ಮೇಲೆ ಗುಂಪು ಗುಂಪಾಗಿ ಚೀಟಿ ಇಡುತ್ತಾ ಹೋದಳು. ಅಜ್ಜಿಯರ ಗುಂಪು. ನೆನಪಿನ ಗೋಡೆಗಳ ಗುಂಪು. ಬೀಜಗಳ ಗುಂಪು. ಹನ್ನೊಂದೂ ಇಟ್ಟ ಮೇಲೆ, ಮೇಜಿನ ಕೊನೆಯಲ್ಲಿ ಬಿಡಿ ಚೀಟಿಗಳನ್ನು ಹರಡಿದಳು. ಆಮೇಲೆ ಗುರುದತ್‌ನ ಕಡೆ ತಿರುಗಿದಳು. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದಳು. ಇದರಲ್ಲಿ ಯಾವುದು ಯಾರದು ಎಂದು ನಿಮಗೆ ಮಾತ್ರ ಗೊತ್ತು, ಫೈಲು ತೆರೆಯಿರಿ. ನನ್ನ ಮಾತು ಸುಳ್ಳಾದರೆ ಇವತ್ತೇ ಹೋಗುತ್ತೇನೆ. ನಿಜವಾದರೆ ಆ ಪದ ಅಳಿಸಿ.

ತೆರೆದು ಅವಳ ಮಾತು ನಿಜವಾದರೆ ಎರಡು ತಿಂಗಳ ಕೆಲಸ ಮಣ್ಣುಪಾಲು, ಅದೂ ಗುರುದತ್‌ನ ಹೆಸರಿನಲ್ಲಿ. ಅವನಿಗೆ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

ಗುರುದತ್ ಲ್ಯಾಪ್‌ಟಾಪ್ ತನ್ನ ಕಡೆ ಎಳೆದುಕೊಂಡು ಫೈಲು ತೆರೆದ.

ಒಂದೊಂದೇ ಚೀಟಿ ಎತ್ತಿ ಅವಳು ಸಂಖ್ಯೆ ಓದಿದಳು, ಅವನು ಮಾಡೆಲ್‌ನ ಅಕ್ಷರ ಹೇಳಿದ. ಅಜ್ಜಿಯರು: ಎ, ಬಿ, ಎ, ಎ, ಬಿ. ಬೀಜಗಳು: ಬಿ, ಎ, ಬಿ. ಗುಂಪು ಮುಗಿದು ಗುಂಪು ಬಂದರೂ ಹೆಚ್ಚಿನವು ಆ ಎರಡರವೇ. ಕೊನೆಗೆ ಬಿಡಿ ಚೀಟಿಗಳಿಗೆ ಬಂದರು. ಸಿ. ಸಿ. ಸಿ. ಎ. ಸಿ. ಅರವತ್ತರಲ್ಲಿ ನಲವತ್ತೊಂಬತ್ತು, ಎಲ್ಲರೂ ಕೊನೆಗೆ ತಳ್ಳಿದ್ದ 'ಸಿ' ಮಾಡೆಲ್‌ನವು.

ವಾಸಂತಿ ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು.

ಇದು ಯಾರ ತಪ್ಪು ಎಂದು ಕೇಳಿದರು.

ಗುರುದತ್ ಎದ್ದು ನಿಂತ. ತಪ್ಪು ನನ್ನದು ಎಂದ. ಐಡಿಯಾ ಒಂದೊಂದೂ ಎಷ್ಟು ಹೊಸತು ಎಂದಷ್ಟೇ ಕೇಳಿದೆ, ಒಟ್ಟಿನಲ್ಲಿ ಎಷ್ಟು ಬೇರೆ ಬೇರೆ ಇವೆ ಎಂದು ಕೇಳಲೇ ಇಲ್ಲ. ಆ ಅಜಾಗರೂಕತೆ ನನ್ನದು, ಇವರದಲ್ಲ. ವರದಿಯಲ್ಲಿ ಹಾಗೇ ಬರೆಯುತ್ತೇನೆ. ಇಷ್ಟನ್ನೂ ತಡವರಿಸದೆ ಹೇಳಿ ಕೂತ.

ವಾಸಂತಿ ಮೇಡಂ ಸಹಿಗೆಂದು ಇಟ್ಟಿದ್ದ ಕಾಗದವನ್ನು ಮಡಚಿ ಬದಿಗಿಟ್ಟರು. ಪರೀಕ್ಷೆ ಹೊಸದಾಗಿ ಆಗಬೇಕು, ಈ ಸಲ ನಿಯಮ ಬರೆಯುವುದು ಈ ಹುಡುಗಿ, ನೀನು ಅವಳ ಕೆಳಗೆ ಎಂದು ಗುರುದತ್‌ಗೆ ಹೇಳಿದರು. ಆಮೇಲೆ ಚಂಪಾಳನ್ನು ನೋಡಿ, "ನೆಕ್ಸ್ಟ್ ಟೈಮ್ ಬಾಗಿಲು ತಟ್ಟಿ ಬಾ ಲಾ," ಎಂದರು, ಮಾತಿನ ಕೊನೆಗೆ ಪೆನಾಂಗಿನವರ 'ಲಾ' ಸೇರಿಸಿ. ಕೆಲಸದ ಕಾಗದ ನಾಳೆ ಬರುತ್ತದೆ ಎಂದೂ ಹೇಳಿದರು.

ಸಂಜೆ ಬಸ್ ನಿಲ್ದಾಣದಲ್ಲಿ ಚಂಪಾ ಒಬ್ಬಳೇ ಕೂತಿದ್ದಳು. ಗೆದ್ದಿದ್ದಳು, ಆದರೂ ಮನಸ್ಸು ಭಾರವಾಗಿತ್ತು. ಗುರುದತ್ ಬಂದು ಎದುರಿಗೆ ನಿಂತ. ಕೈಯಲ್ಲಿ ಏನೂ ಇರಲಿಲ್ಲ.

"ತಪ್ಪಾಯ್ತು ಚಂಪಾ. ಓದದೇ ಸಹಿ ಹಾಕ್ದೆ. ನಿಮಗೆ ನೋವಾಯ್ತು."

ಅವಳು ರಸ್ತೆಯನ್ನೇ ನೋಡುತ್ತಿದ್ದಳು. "ಇಷ್ಟು ಹೇಳಾಕ ಮೂರ್ ಮಷೀನ್ ಯಾಕ ಬೇಕಾತು?"

"ಭಯ. ಬೇರೆ ಯಾರ ಹತ್ರಾನೂ ಆಗಲ್ಲ. ನಿಮ್ಮ ಹತ್ರ ಒಂದು ಮಾತು ತಪ್ಪಿದ್ರೆ ನೀವು ಮತ್ತೆ ಮಾತಾಡಲ್ಲ ಅನ್ನಿಸ್ತು. ಎರಡು ರಾತ್ರಿ ನಾನೇ ಬರೆದು ಬರೆದು ಹರಿದು ಹಾಕ್ದೆ. ಎಲ್ಲಾ ಸಪ್ಪೆ ಇತ್ತು. ಆಮೇಲೆ ಮಷೀನ್‌ಗಳನ್ನ ಕೇಳಿದೆ."

'ಹತ್ತು ನಿಮಿಷವಲ್ಲ... ಎರಡು ರಾತ್ರಿ!'

ಬೇಡವೆಂದರೂ ಅವಳ ಕಣ್ಣು ತುಂಬಿ ಬಂತು. ಅವಳ ಬಸ್ಸು ಬಂದು ನಿಂತು, ಹೊರಟೂ ಹೋಯಿತು. ಅವಳು ಏಳಲಿಲ್ಲ.

"ಹರಿದು ಹಾಕಿದ್ರೊಳಗ ಏನಿತ್ತು?"

ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ನೀವಂದ್ರೆ ನಂಗೆ ತುಂಬಾ ಇಷ್ಟ, ಅಂತ."

"ಅಷ್ಟ?"

"ಅಷ್ಟೇ. ಹೊಸದೇನೂ ಇಲ್ಲ ಅದ್ರಲ್ಲಿ. ಲೋಕದಲ್ಲಿ ಎಲ್ಲರೂ ಹೇಳಿರೋದೇ."

ಚಂಪಾ ಕಣ್ಣೊರೆಸಿಕೊಂಡು, ಅವನಿಗೆ ಕೂರಲು ಪಕ್ಕದಲ್ಲಿ ಜಾಗ ಬಿಟ್ಟಳು.

"ಇದರಾಗ ಹೊಸಾದು ಯಾರ್ ಕೇಳಿದ್ರು ನಿಮಗ?" ಎಂದಳು. "ಇನ್ನೊಮ್ಮೆ ಹೇಳ್ರಿ."